ಮೂರು ತೂಕದ ಬೆಳ್ಳಿ ನಾಣ್ಯ

ತಂಗಿ ಊಟದ ಡಬ್ಬಿ ಹಿಡಿದು ಮೂರನೇ ಮಹಡಿ ಹತ್ತಿದಾಗ ಮಧ್ಯಾಹ್ನ ಒಂದು ಗಂಟೆ ಐದು ನಿಮಿಷ. ಅಣ್ಣನ ಬಾಗಿಲು ಅರ್ಧ ತೆರೆದಿತ್ತು. ಚಿಲಕ ಹಾಕದೆ ಪೇಪರ್ ಕೂಡ ಓದಿದವನಲ್ಲ ಅವಳಣ್ಣ.

"ಅಣ್ಣಾ?"

ಒಳಗೆ ಹೋದಳು. ಒಂದು ಚಪ್ಪಲಿ ಬಾಗಿಲ ಬಳಿ ಇತ್ತು, ಇನ್ನೊಂದು ಮೇಜಿನ ಕೆಳಗೆ. ಮೇಜಿಗೂ ಬೀರುವಿಗೂ ನಡುವೆ ಅಣ್ಣ ಬೋರಲು ಬಿದ್ದಿದ್ದ. ತಲೆಯ ಹಿಂಭಾಗದ ಬಿಳಿ ಕೂದಲು ಕೆಂಪಾಗಿ ಅಂಟಿಕೊಂಡಿತ್ತು. ಪಕ್ಕದಲ್ಲಿ ಹಿತ್ತಾಳೆಯ ಟೇಬಲ್ ಲ್ಯಾಂಪ್. ಡಬ್ಬಿ ಕೈಜಾರಿ ಬಿದ್ದ ಸದ್ದಿಗೆ ಕೆಳಗಿನ ಮಹಡಿಯ ಟೈಲರ್ ಓಡಿಬಂದ. ಅವನು ಬರುವಾಗ ತಂಗಿ ನೆಲದ ಮೇಲೆ ಕೂತು ಅಣ್ಣನ ತಣ್ಣಗಾದ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಉಜ್ಜುತ್ತಿದ್ದಳು.

ಸತ್ತವರನ್ನು ಊರೆಲ್ಲ ಮೇಷ್ಟ್ರು ಎನ್ನುತ್ತಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟವರು. ಮದುವೆಯಿಲ್ಲ, ಮಕ್ಕಳಿಲ್ಲ. ಇದ್ದದ್ದು ಒಂದೇ ಹುಚ್ಚು: ಹಳೆಯ ನಾಣ್ಯ. ಅದರಲ್ಲೂ ಬ್ರಿಟನ್ನಿನ, ಯುರೋಪಿನ ದೊರೆಗಳ ನಾಣ್ಯ. ಮುನ್ನೂರಕ್ಕೂ ಹೆಚ್ಚು ಇದ್ದವು. ಒಂದೊಂದಕ್ಕೂ ಡ್ರಾಯರಿನಲ್ಲಿ ಒಂದೊಂದು ಗುಂಡನೆಯ ಗುಳಿ. ಒಂದೊಂದು ಗುಳಿಯಲ್ಲೂ ಮೇಷ್ಟ್ರ ಕೈಬರಹದ ಒಂದು ಚೀಟಿ.

ಇನ್ಸ್‌ಪೆಕ್ಟರ್ ಆ ಹೊತ್ತಿಗೆ ಇನ್ನೊಂದು ಊರಿನ ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತಿದ್ದಳು. ಸುದ್ದಿ ತಿಳಿದು ಅವಳು ಬಂದು ಮುಟ್ಟಿದಾಗ ನಾಲ್ಕು ಗಂಟೆ. ಠಾಣೆಯವರು ಬೆನ್ನ ಹಿಂದೆ ಅವಳಿಗೆ ಇಟ್ಟ ಹೆಸರು ಕುಕ್ಕರ್. ಮೊದಲು ಮೂಗಿನಲ್ಲಿ ಸಣ್ಣಗೆ ಸುಯ್ಯೆನ್ನುತ್ತಾಳೆ, ಆಮೇಲೆ ಕೂಗುತ್ತಾಳೆ.

ಕೋಣೆ ನೋಡಿದಳು. ಬೀರುವಿನ ಹನ್ನೆರಡು ಡ್ರಾಯರುಗಳನ್ನೂ ಹೊರಗೆ ಎಳೆದಿಡಲಾಗಿತ್ತು. ಆದರೆ ನೆಲದ ಮೇಲೆ ಒಂದೇ ಒಂದು ನಾಣ್ಯ ಬಿದ್ದಿರಲಿಲ್ಲ. ಕಳ್ಳ ಇಷ್ಟು ನಾಜೂಕಾಗಿ ದೋಚುತ್ತಾನಾ?

"ಎಷ್ಟು ಹೋಗಿವೆ?" ಅಂದಳು.

"ಹನ್ನೊಂದು ಗುಳಿ ಖಾಲಿ ಮೇಡಂ," ಅಂದ ಹೆಡ್ ಕಾನ್‌ಸ್ಟೇಬಲ್. ಇಪ್ಪತ್ತೆಂಟು ವರ್ಷ ಸರ್ವಿಸಿನ, ಹೊಟ್ಟೆ ಮುಂದಾದ, ಒಳ್ಳೆಯ ಮನುಷ್ಯ. ಈಗ ಯಾಕೋ ಅವಳ ಮುಖ ನೋಡುತ್ತಿರಲಿಲ್ಲ.

"ಏನ್ರೀ? ಏನಾಗಿದೆ, ಬೊಗಳಿ."

"ಅರೆಸ್ಟ್ ಆಗೋಗಿದೆ ಮೇಡಂ. ಕೆಲಸದಾಕೆ. ಸಾಹೇಬ್ರೇ ಬಂದು ಮಾಡಿಸಿದ್ರು."

ಅವಳ ಮೂಗು ಸುಯ್ಯೆಂದಿತು.

*

"ನೀವು ಬರೋ ಮುಂಚೆನೇ ಮುಗಿಸ್ಬಿಟ್ಟೆ ನೋಡಿ," ಅಂದರು ಸಾಹೇಬರು. ಅವಳದೇ ಠಾಣೆ, ಅವಳದೇ ಕುರ್ಚಿ, ಅದರಲ್ಲಿ ಅವಳ ಮೇಲಧಿಕಾರಿ ಸಾಹೇಬರು. "ಬೆಳಿಗ್ಗೆ ಹತ್ತೂವರೆಗೆ ಕೆಲಸ ಮುಗಿಸಿ ಹೋಗಿದ್ದಾಳೆ. ಮನೇಲಿ ಹುಡುಕಿದ್ರೆ ಮಾಲು ಸಿಕ್ತು. ಒಂದು ಸಿಕ್ಕಿದೆ, ಉಳಿದ ಹತ್ತನ್ನೂ ಕಕ್ತಾಳೆ ಬಿಡಿ. ನಾಳೆ ಮೂರು ಗಂಟೆಗೆ ಕೋರ್ಟಿಗೆ ಹಾಜರುಪಡಿಸಿ."

"ಎಲ್ಲಿ ಸಿಕ್ತು ಸಾರ್, ಮನೇಲಿ?"

"ಮೇಜಿನ ಕಾಲಿನ ಕೆಳಗೆ ಬಚ್ಚಿಟ್ಟಿದ್ಲು."

"ಲ್ಯಾಂಪಿನ ಮೇಲೆ ಬೆರಳಚ್ಚು?"

"ಇಲ್ಲ. ನೀಟಾಗಿ ಒರೆಸಿದೆ." ಸಾಹೇಬರು ನಕ್ಕರು. "ಒರೆಸೋದು ಅವಳ ಕಸುಬೇ ತಾನೆ."

ಇನ್ಸ್‌ಪೆಕ್ಟರ್ ನಗಲಿಲ್ಲ. ಸಾಹೇಬರ ಜೊತೆ ಕೂತಿದ್ದ ಇನ್ನೊಬ್ಬರೂ ನಗಲಿಲ್ಲ. ತೆಳ್ಳನೆಯ ಮೈ, ಮಡಿಕೆ ಮುರಿಯದ ಬಿಳಿ ಅಂಗಿ, ನೀಟಾಗಿ ಉಗುರು ಕತ್ತರಿಸಿದ ಬೆರಳು. ಸಾಹೇಬರೇ ಪರಿಚಯ ಮಾಡಿಕೊಟ್ಟರು. ನಾಣ್ಯ ಸಂಘದ ಕಾರ್ಯದರ್ಶಿ. ಹೊಟ್ಟೆಪಾಡಿಗೆ ಡಾಕ್ಟರುಗಳಿಗೆ ಹಲ್ಲಿನ ಸೆಟ್ ಮಾಡಿಕೊಡುವವರು. ಊರಿನ ಅರ್ಧ ಜನ ನಕ್ಕರೆ ಕಾಣುವುದು ಇವರ ಕೈಕೆಲಸವೇ. ಸಿಕ್ಕ ನಾಣ್ಯ ಮೇಷ್ಟ್ರದ್ದೇ ಅಲ್ಲವೇ ಎಂದು ಹೇಳಲು ಕರೆಸಿದ್ದರು.

ಕಾರ್ಯದರ್ಶಿ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. "ಮೂವತ್ತು ವರ್ಷದ ಗೆಳೆತನ ಮೇಡಂ. ಹೋದ ತಿಂಗಳು ಸಭೆಯಲ್ಲಿ ನೋಡಿದ್ದೇ ಕೊನೆ." ಆಮೇಲೆ ನಾಣ್ಯವನ್ನು ಎರಡು ಬೆರಳಲ್ಲಿ, ಅಂಚು ಮಾತ್ರ ಹಿಡಿದು ಎತ್ತಿದರು. "ಎರಡನೇ ಚಾರ್ಲ್ಸ್ ದೊರೆಯದು. ಸಾವಿರದ ಆರುನೂರ ಎಪ್ಪತ್ತೊಂಬತ್ತು. ಬೆಳ್ಳಿ ಕ್ರೌನ್."

"ಕ್ರೌನ್ ಅಂದ್ರೆ ಹಲ್ಲಿಗೆ ಹಾಕೋದಲ್ವಾ ಸಾರ್?" ಅಂದ ಹೆಡ್ ಕಾನ್‌ಸ್ಟೇಬಲ್.

"ಅದೂ ನನ್ನ ಕಸುಬೇ," ಅಂದರು ಕಾರ್ಯದರ್ಶಿ, ಬೇಸರದ ನಗು ನಕ್ಕು. "ಇದು ಬೇರೆ. ಅಂಚಿನ ಮೇಲೆ ನೋಡಿ, ಲ್ಯಾಟಿನ್ ಅಕ್ಷರ. ಅಲಂಕಾರವೂ ಹೌದು, ಕಾವಲೂ ಹೌದು ಅಂತ ಅರ್ಥ. ಆಗಿನ ಕಳ್ಳರು ನಾಣ್ಯದ ಅಂಚಿಂದ ಚೂರು ಚೂರು ಬೆಳ್ಳಿ ಕತ್ತರಿಸಿ ಕದೀತಿದ್ರು. ಅಂಚಿನ ಮೇಲೆ ಬರೆದ್ಮೇಲೆ ಕತ್ತರಿಸಿದ್ರೆ ಗೊತ್ತಾಗಿಬಿಡುತ್ತೆ."

"ಅಸಲಿನಾ?"

"ನೂರಕ್ಕೆ ನೂರು. ಮೇಷ್ಟ್ರ ಬೀರುವಿನ ಮುಕುಟಮಣಿ ಇದು. ಇಂಥದ್ದನ್ನ ಒಬ್ಬ ಕೆಲಸದವಳು..." ಮತ್ತೆ ಕರವಸ್ತ್ರ ತೆಗೆದರು. ಇನ್ಸ್‌ಪೆಕ್ಟರ್ ಟೀ ತರಿಸಿಕೊಟ್ಟಳು. ಅವರು ಕುಡಿದರು, ಅಲ್ಲೇ ಕೂತು ಒಂದು ಹಾಳೆಯ ಮೇಲೆ ಬರೆದುಕೊಟ್ಟರು: ಯಾವ ದೊರೆ, ಯಾವ ವರ್ಷ, ಯಾವ ಲೋಹ, ಎಷ್ಟು ತೂಕ, ಅಸಲಿ. ಕೆಳಗೆ ಸಹಿ.

"ತುಂಬಾ ಉಪಕಾರ ಆಯ್ತು," ಅಂದಳು ಇನ್ಸ್‌ಪೆಕ್ಟರ್.

ಆ ಒಂದು ಮಾತಿಗೆ ಅವಳು ಆಮೇಲೆ ಬಹಳ ದಿನ ತನ್ನನ್ನೇ ಬೈದುಕೊಂಡಳು.

*

ಕೆಲಸದಾಕೆ ಲಾಕಪ್ಪಿನ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಐವತ್ತರ ಹತ್ತಿರದವಳು. ಒಂದು ಕೆನ್ನೆ ಊದಿತ್ತು.

"ಯಾರು ಹೊಡೆದಿದ್ದು?"

"ಹೆಸರು ಹೇಳ್ಕೊಂಡು ಹೊಡೀತಾರಾ?" ಅಂದಳು ಅವಳು. ಅಳುತ್ತಿರಲಿಲ್ಲ. ಕಣ್ಣು ಕೆಂಡದ ಹಾಗಿದ್ದವು.

ಇನ್ಸ್‌ಪೆಕ್ಟರ್ ತಿರುಗಿ ಕಾವಲಿನವನನ್ನು ನೋಡಿದಳು. ಅವನು ತನ್ನ ಬೂಟನ್ನು ನೋಡಿಕೊಂಡ. "ಇವತ್ತಿಂದ ಈಕೆ ಮೈ ಮುಟ್ಟಿದವನ ಕೈ ನಾನು ಮುರೀತೀನಿ. ಬರೆದಿಟ್ಕೋ," ಅಂದಳು. ಆಮೇಲೆ ಒಳಗೆ ಹೋಗಿ ನೆಲದ ಮೇಲೆ ಅವಳ ಎದುರಿಗೇ ಕೂತಳು.

"ನಾಣ್ಯ ನಿನ್ನ ಮನೆಗೆ ಹೇಗೆ ಬಂತು?"

"ಮೇಷ್ಟ್ರೇ ಕೊಟ್ರು. ಇವರಿಗೂ ಅದನ್ನೇ ಹೇಳ್ದೆ. ಅದಕ್ಕೇ ಈ ಕೆನ್ನೆ."

"ಅಷ್ಟು ಬೆಲೆಬಾಳೋದನ್ನ ಯಾಕೆ ಕೊಡ್ತಾರೆ?"

"ಬೆಲೆ ಅಂತ ಯಾರಮ್ಮಾ ಹೇಳಿದ್ದು? ಮೇಷ್ಟ್ರು ಕಸ ಅಂದ್ರು. ನಿನ್ನೆಯಿಂದ ಅವರ ಮುಖ ಸರಿ ಇರ್ಲಿಲ್ಲ. ಇವತ್ತು ಕಸ ಗುಡಿಸೋವಾಗ ತಕ್ಕಡಿ ಮುಂದೆ ಕೂತಿದ್ರು. ಅದನ್ನ ತೆಗೆದು ಕಸದ ಮೊರಕ್ಕೇ ಎಸೆದ್ರು. ಕಸ ಇದು, ಬಿಸಾಕು ಅಂದ್ರು. ದಪ್ಪಗಿದೆಯಲ್ಲ, ನಮ್ಮ ಮನೆ ಮೇಜು ಕುಂಟುತ್ತೆ, ಕಾಲಿಗೆ ಇಟ್ಕೋತೀನಿ ಅಂದೆ. ಇಟ್ಕೋ, ಅದಕ್ಕೇ ಲಾಯಕ್ಕು ಅಂದ್ರು. ಇಟ್ಕೊಂಡೆ. ತಪ್ಪಾ?"

"ಆಮೇಲೆ?"

"ಆಮೇಲೇನು. ಫೋನ್ ಮಾಡ್ತಿದ್ರು. ಬಾ, ಈಗ್ಲೇ ಬಾ ಅಂತ ಯಾರಿಗೋ ಗದರ್ತಿದ್ರು. ನಾನು ಬಾಗಿಲು ಎಳ್ಕೊಂಡು ಹೋದೆ. ಅವರು ಸತ್ತಿದ್ದು ನಂಗೆ ಗೊತ್ತಾಗಿದ್ದೇ ಪೊಲೀಸ್ನೋರು ಕೂದಲು ಹಿಡಿದಾಗ. ಹನ್ನೆರಡು ವರ್ಷ ಆ ಮನೆ ನೆಲ ಒರೆಸಿದೀನಿ. ಒಂದು ಹನಿ ಅಳೋಕೂ ಬಿಡ್ಲಿಲ್ಲ."

ಇನ್ಸ್‌ಪೆಕ್ಟರ್ ಹೊರಗೆ ಬಂದು ಪೆನ್ಸಿಲ್ ಒಂದನ್ನು ಎರಡು ತುಂಡು ಮಾಡಿದಳು. ಕದ್ದ ಚಿನ್ನದಂಥ ವಸ್ತುವನ್ನು ಯಾವ ಮೂರ್ಖಳು ಕುಂಟು ಮೇಜಿನ ಕಾಲಿಗೆ ಇಡುತ್ತಾಳೆ? ಆದರೆ ಮೂವತ್ತು ವರ್ಷದ ಅನುಭವಸ್ಥ ಅಸಲಿ ಎಂದು ಸಹಿ ಹಾಕಿಕೊಟ್ಟಿದ್ದ. ಮೇಷ್ಟ್ರು ಅದನ್ನೇ ಕಸ ಅಂದರಂತೆ. ಇಬ್ಬರಲ್ಲಿ ಒಬ್ಬರ ಮಾತು ಸುಳ್ಳು. ಆ ಸಂಜೆ ಅವಳೂ, ಸಾಹೇಬರ ಹಾಗೆಯೇ, ಸಹಿ ಹಾಕಿದವನನ್ನೇ ನಂಬಿದಳು. ಅರ್ಧ ನಂಬಿದಳು ಅನ್ನೋಣ.

ಫೋನ್ ಕಂಪನಿಗೆ ಮೇಷ್ಟ್ರ ಮನೆ ಫೋನಿನ ಕರೆಗಳ ಪಟ್ಟಿ ಕೇಳಿ ಬರೆದಳು. ನಾಳೆ ಸಂಜೆ ಕೊಡುತ್ತೇವೆ ಅಂದರು. ನಾಳೆ ಮೂರಕ್ಕೆ ಕೋರ್ಟು.

*

ಬೆಳಿಗ್ಗೆ ಎಂಟಕ್ಕೆ ಟೈಲರ್ ಅಂಗಡಿ ತೆಗೆಯುವ ಹೊತ್ತಿಗೆ ಅವಳು ಅಲ್ಲಿದ್ದಳು. ಟೈಲರ್ ಬಾಯಲ್ಲಿ ಗುಂಡುಪಿನ್ನು ಇಟ್ಟುಕೊಂಡೇ ಮಾತಾಡಿದ.

"ಮೊನ್ನೆ ಸಾಯಂಕಾಲ ಜಗಳ ಮೇಡಂ. ಮೇಷ್ಟ್ರೂ ಅವರ ಅಳಿಯನೂ. ತಂಗಿ ಮಗ ಇದಾನಲ್ಲ, ಅವನು. ಮೆಟ್ಟಿಲ ಮೇಲೆ ಇಡೀ ಬಿಲ್ಡಿಂಗಿಗೆ ಕೇಳೋ ಹಾಗೆ. ಮೇಷ್ಟ್ರು ಅಷ್ಟು ಕೂಗಿದ್ದು ನಾನು ಕೇಳಿದ್ದೇ ಇಲ್ಲ."

"ಏನಂತ ಕೂಗಿದ್ರು?"

"ಕಳ್ಳ ಅಂದ್ರು. ನನ್ನ ಮನೇಲೇ ಬದಲಾಯಿಸಿದ್ದೀಯಾ ಅಂದ್ರು."

ತಂಗಿಯ ಮಗ ಎರಡನೇ ಮಹಡಿಯಲ್ಲಿ, ತಾಯಿಯ ಮನೆಯಲ್ಲೇ ಇದ್ದ. ಇಪ್ಪತ್ತಾರು ವಯಸ್ಸು, ಆಳೆತ್ತರ, ಅತ್ತು ಅತ್ತು ಊದಿದ ಕಣ್ಣು. ತಾಯಿ ಪಕ್ಕದಲ್ಲೇ ಕೂತಿದ್ದಳು.

"ಜಗಳ ಆಗಿದ್ದು ಹೌದು," ಅಂದ. "ಬದಲಾಗಿದ್ದೀಯ ನೀನು ಅಂದ್ರು ಮಾವ. ಏನೋ ವಯಸ್ಸಾದವರು, ನಾನು ಸರಿಯಾಗಿ ಮಾತಾಡಿಸ್ತಿಲ್ಲ ಅಂತ ಬೇಜಾರೇನೋ ಅಂದ್ಕೊಂಡೆ."

"ಕಳ್ಳ ಅಂದ್ರಂತೆ."

"ಅದೂ ಅಂದ್ರು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ ಮೇಡಂ."

"ನಿನ್ನೆ ಹತ್ತೂವರೆಯಿಂದ ಒಂದು ಗಂಟೆವರೆಗೆ ಎಲ್ಲಿದ್ದೆ?"

"ಸ್ನೇಹಿತನ ಮನೇಲಿ."

"ಸ್ನೇಹಿತನ ನಂಬರ್ ಕೊಡು."

ಅವನು ತಾಯಿಯ ಮುಖ ನೋಡಿದ. ಬೆವರಿದ. ಇನ್ಸ್‌ಪೆಕ್ಟರ್ ಮೂಗು ಸುಯ್ಯೆಂದಿತು. "ಒಬ್ಬ ಹೆಂಗಸು ಅಲ್ಲಿ ಲಾಕಪ್ಪಲ್ಲಿ ಏಟು ತಿಂದು ಕೂತಿದ್ದಾಳೆ. ನೀನಿಲ್ಲಿ ಕಥೆ ಕಟ್ತೀಯಾ? ಎದ್ದೇಳು ಮೇಲೆ!"

"ಡ್ರೈವಿಂಗ್ ಟೆಸ್ಟಲ್ಲಿದ್ದೆ ಮೇಡಂ!" ಅಂತ ಕೂಗಿಬಿಟ್ಟ. "ಮೂರನೇ ಸಲ. ಫೇಲ್. ಅಲ್ಲಿನ ಅಧಿಕಾರಿನ ಕೇಳಿ, ಅವರ ಕಾಲಿನ ಮೇಲೇ ಹತ್ತಿಸೋನಿದ್ದೆ, ಮರೆತಿರೋಲ್ಲ."

ತಾಯಿ ತಲೆಯೆತ್ತಿದಳು. "ಲೈಸೆನ್ಸ್ ಬಂತು ಅಂದೆಯಲ್ಲೋ? ಎರಡು ವರ್ಷದಿಂದ ನನ್ನನ್ನ ಕಾರಲ್ಲಿ ಕೂರಿಸ್ಕೊಂಡು ಊರೆಲ್ಲ..."

ಹೆಡ್ ಕಾನ್‌ಸ್ಟೇಬಲ್ ಕೆಮ್ಮಿ ಬಾಯಿ ಮುಚ್ಚಿಕೊಂಡ. ಟೆಸ್ಟಿನ ಅಧಿಕಾರಿಗೆ ಫೋನ್ ಮಾಡಿದರು. ಅವರು ನಿಜವಾಗಿಯೂ ಮರೆತಿರಲಿಲ್ಲ. ಹನ್ನೊಂದರಿಂದ ಹನ್ನೆರಡೂವರೆವರೆಗೆ ಹುಡುಗ ಅಲ್ಲೇ ಇದ್ದ. ಅಲ್ಲಿಂದ ಕಾರಿನಲ್ಲಿ ಬಂದರೂ ಮುಟ್ಟಲು ಮುಕ್ಕಾಲು ಗಂಟೆ ಬೇಕು.

ಮೆಟ್ಟಿಲಲ್ಲಿ ಇನ್ಸ್‌ಪೆಕ್ಟರ್ ಥಟ್ಟನೆ ನಿಂತಳು.

"ರೀ, ಟೈಲರ್ ಏನಂದ? ಬದಲಾಯಿಸಿದ್ದೀಯ. ಹುಡುಗ ಏನಂದ? ಬದಲಾಗಿದ್ದೀಯ."

"ಎರಡೂ ಒಂದೇ ಅಲ್ವಾ ಮೇಡಂ?"

"ಹೇಗ್ರೀ ಒಂದೇ ಆಗುತ್ತೆ? ಬದಲಾಗಿದ್ದೀಯ ಅಂದ್ರೆ ನೀನು ಮೊದಲಿನ ಹಾಗಿಲ್ಲ ಅಂತ. ಅದಕ್ಕೆ ಯಾರಾದ್ರೂ ಕಳ್ಳ ಅಂತ ಬೈತಾರಾ? ಬದಲಾಯಿಸಿದ್ದೀಯ ಅಂದ್ರೆ ಏನನ್ನೋ ತೆಗೆದು ಅದರ ಜಾಗದಲ್ಲಿ ಇನ್ನೊಂದು ಇಟ್ಟಿದ್ದೀಯ ಅಂತ. ಹುಡುಗನ ಕಿವಿಗೆ ಮನಸ್ಸಿಗೆ ನಾಟಿದ್ದು ಕೇಳಿಸಿದೆ. ಟೈಲರ್ ಕಿವಿಗೆ ಮೇಷ್ಟ್ರು ಅಂದಿದ್ದು ಕೇಳಿಸಿದೆ. ನಡೀರಿ ಮೇಲೆ."

*

ಮೇಷ್ಟ್ರ ಕೋಣೆಯಲ್ಲಿ ತಂಗಿಯೂ ಜೊತೆಗೆ ನಿಂತಳು. ಇನ್ಸ್‌ಪೆಕ್ಟರ್ ಡ್ರಾಯರುಗಳನ್ನು ಒಂದೊಂದಾಗಿ ನೋಡಿದಳು. ಕೊನೆಯ ಡ್ರಾಯರಿನಲ್ಲಿ ಹದಿನಾರು ಸಣ್ಣ ಚಿನ್ನದ ನಾಣ್ಯಗಳು ಹಾಗೆಯೇ ಮಿನುಗುತ್ತಿದ್ದವು.

"ಚಿನ್ನ ಯಾಕೆ ಬಿಟ್ಟ?" ಅಂದಳು. "ಏನೂ ತಿಳಿಯದ ಕಳ್ಳ ಆಗಿದ್ರೆ ಮೊದಲು ಚಿನ್ನಕ್ಕೆ ಕೈ ಹಾಕ್ತಿದ್ದ. ಎಲ್ಲ ತಿಳಿದವನಾದ್ರೂ ಚಿನ್ನ ಬಿಡ್ತಿರ್ಲಿಲ್ಲ. ಇವನು ಹನ್ನೆರಡು ಡ್ರಾಯರಿಂದ ಆರಿಸಿ ಆರಿಸಿ ಹನ್ನೊಂದು ಬೆಳ್ಳಿ ನಾಣ್ಯ ಮಾತ್ರ ತೆಗೆದಿದ್ದಾನೆ."

ಖಾಲಿ ಗುಳಿಗಳಲ್ಲಿ ಚೀಟಿಗಳು ಉಳಿದಿದ್ದವು. ಅವಳು ಒಂದೊಂದನ್ನೂ ಮೇಜಿನ ಮೇಲೆ ಜೋಡಿಸಿದಳು. ಆಸ್ಟ್ರಿಯಾದ ರಾಣಿ ಮಾರಿಯಾ ತೆರೇಸಾಳ ಥಾಲರ್. ಸ್ಪೇನಿನ ಎರಡು ಕಂಬದ ನಾಣ್ಯ. ಹಾಲೆಂಡಿನ ಸಿಂಹದ ನಾಣ್ಯ. ಎಲ್ಲವೂ ದೊಡ್ಡವು, ದಪ್ಪನೆಯವು, ಬೆಳ್ಳಿಯವು. ಒಂದು ಚೀಟಿ ಕೆಲಸದಾಕೆಯ ಮನೆಯಲ್ಲಿ ಸಿಕ್ಕ ನಾಣ್ಯದ್ದು. *ಎರಡನೇ ಚಾರ್ಲ್ಸ್, 1679. ಸವೆದಿದೆ, ಆದರೂ ಚೆಲುವ. ತೂಕ 29.6. ಅಂಚು ಓದಲೇಬೇಕು.*

ಅವಳು ಚೀಟಿ ತಿರುವಿದಳು. ಹಿಂದೆ ಸಣ್ಣಗೆ *ಫೋ.* ಎಂದಿತ್ತು, ಪಕ್ಕದಲ್ಲಿ ಎರಡು ತಾರೀಖು. ಉಳಿದ ಹತ್ತನ್ನೂ ತಿರುವಿದಳು. ಹತ್ತಕ್ಕೂ ಹಿಂದೆ *ಫೋ.* ಬೇರೆ ಗುಳಿಗಳ ಚೀಟಿ ಕೈಗೆ ಸಿಕ್ಕಷ್ಟು ತೆಗೆದು ನೋಡಿದಳು. ಯಾವುದರ ಹಿಂದೆಯೂ ಏನೂ ಇರಲಿಲ್ಲ.

"ಫೋ ಅಂದ್ರೆ ಏನಮ್ಮಾ?"

"ಫೋಟೋ," ಅಂದಳು ತಂಗಿ. "ಸಂಘದವರು ಒಂದು ಪುಸ್ತಕ ತರ್ತೀವಿ ಅಂತ ಒಂದೊಂದೇ ನಾಣ್ಯ ತಗೊಂಡು ಹೋಗಿ ಫೋಟೋ ತೆಗೆಸ್ತಿದ್ರು. ಒಂದು ವಾರ ಇಟ್ಕೊಂಡು ವಾಪಸ್ ತಂದು ಕೊಡ್ತಿದ್ರು. ಕೊಟ್ಟ ತಾರೀಖು, ಬಂದ ತಾರೀಖು ಅಣ್ಣ ಬರೆದಿಡ್ತಿದ್ದ."

"ಸಂಘದವರು ಅಂದ್ರೆ ಯಾರು?"

"ಇನ್ಯಾರು, ಕಾರ್ಯದರ್ಶಿಗಳೇ. ಅಣ್ಣನಿಗೆ ಅವರಂದ್ರೆ ಪಂಚಪ್ರಾಣ."

ಇನ್ಸ್‌ಪೆಕ್ಟರ್ ಜೇಬಿನಿಂದ ಕಾರ್ಯದರ್ಶಿ ಬರೆದುಕೊಟ್ಟ ಹಾಳೆ ತೆಗೆದು ಬಿಡಿಸಿದಳು. ಸುಂದರವಾದ ಕೈಬರಹ. *ಬೆಳ್ಳಿ. ತೂಕ 30.1 ಗ್ರಾಂ. ಅಸಲಿ.*

"ಚೀಟಿಯಲ್ಲಿ ಇಪ್ಪತ್ತೊಂಬತ್ತು ಪಾಯಿಂಟ್ ಆರು. ಹಾಳೆಯಲ್ಲಿ ಮೂವತ್ತು ಪಾಯಿಂಟ್ ಒಂದು," ಅಂದಳು ನಿಧಾನವಾಗಿ. "ರೀ, ನೆನ್ನೆ ಅವರು ಇದನ್ನ ಎಲ್ಲಿ ತೂಕ ಮಾಡಿದ್ರು?"

ಹೆಡ್ ಕಾನ್‌ಸ್ಟೇಬಲ್ ತಲೆ ಕೆರೆದುಕೊಂಡ. "ನಮ್ಮ ಠಾಣೇಲಿ ತಕ್ಕಡಿ ಎಲ್ಲಿದೆ ಮೇಡಂ?"

ಕುಕ್ಕರ್ ಕೂಗಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. ಅವಳು ಸಾಕ್ಷ್ಯದ ಲಕೋಟೆಯಿಂದ ನಾಣ್ಯ ತೆಗೆದು, ಮೇಷ್ಟ್ರ ಸಣ್ಣ ತಕ್ಕಡಿಯ ತಟ್ಟೆಯಲ್ಲಿಟ್ಟಳು. ಇನ್ನೊಂದು ಕಡೆ ತೂಕದ ಚಿಕ್ಕ ಚಿಕ್ಕ ಬಟ್ಟುಗಳನ್ನು ಒಂದೊಂದಾಗಿ ಹಾಕಿದಳು. ಮುಳ್ಳು ನಡುವೆ ನಿಂತಾಗ ಎಣಿಸಿದಳು.

ಇಪ್ಪತ್ತೆಂಟು ಪಾಯಿಂಟ್ ಮೂರು.

ಒಂದೇ ನಾಣ್ಯ, ಮೂರು ತೂಕ.

ಭೂತಗನ್ನಡಿ ಹಿಡಿದು ಅಂಚು ಓದಿದಳು. ಸುತ್ತ ಅಕ್ಷರ ಚೊಕ್ಕಟವಾಗಿದ್ದವು. ಒಂದು ಕಡೆ ಮಾತ್ರ ಎರಡು ಅಕ್ಷರ ತುಸು ಡೊಂಕು. ಅಲ್ಲಿ ಲೋಹವನ್ನು ಅರದಿಂದ ಉಜ್ಜಿ, ಅಕ್ಷರಗಳನ್ನು ಕೈಯಲ್ಲಿ ಕೆತ್ತಿ ಕೂರಿಸಿದ್ದರು. ಆ ಕೆತ್ತನೆಯ ಸಂದಿಯಲ್ಲಿ ಬಿಳಿ ಪುಡಿ.

"ಏನಿದು, ಸುಣ್ಣನಾ?" ಅಂದ ಹೆಡ್ ಕಾನ್‌ಸ್ಟೇಬಲ್.

"ನಿಮ್ಮ ಬಾಯಲ್ಲಿ ಎಷ್ಟು ಕಟ್ಟಿಸಿದ ಹಲ್ಲಿದೆ?"

"ಮೂರು ಮೇಡಂ."

"ಹೇಗೆ ಮಾಡಿದ್ರು?"

"ಬಾಯಿಗೆ ಹಿಟ್ಟಿನ ತರದ್ದು ಒತ್ತಿ ಅಚ್ಚು ತೆಗೆದ್ರು. ಆಮೇಲೆ ಮೇಣದಲ್ಲಿ ಮಾಡಿ, ಗಾರೆಯೊಳಗಿಟ್ಟು, ಲೋಹ ಕರಗಿಸಿ ಹುಯ್ದು..." ಅವನ ಬಾಯಿ ತೆರೆದೇ ಉಳಿಯಿತು.

"ಕ್ರೌನ್ ಅಂದ್ರೆ ಹಲ್ಲಿಗೆ ಹಾಕೋದಲ್ವಾ ಅಂತ ನೆನ್ನೆ ಕೇಳಿದ್ರಲ್ಲ. ಅದೂ ನನ್ನ ಕಸುಬೇ ಅಂದ, ನಾವು ಕಿವಿಗೇ ಹಾಕ್ಕೊಳ್ಳಲಿಲ್ಲ." ಅವಳು ನಾಣ್ಯವನ್ನು ಮತ್ತೆ ಲಕೋಟೆಗೆ ಹಾಕಿದಳು. "ನಾನು ಅವನಿಗೆ ಟೀ ಕೊಟ್ಟೆ ಕಣ್ರೀ. ಉಪಕಾರ ಆಯ್ತು ಅಂದೆ."

*

ಹಲ್ಲಿನ ಕಾರ್ಖಾನೆ ಎಂದರೆ ಎರಡು ಕೋಣೆ. ಗೋಡೆಯುದ್ದಕ್ಕೂ ಶೆಲ್ಫು, ಶೆಲ್ಫಿನ ತುಂಬ ರೋಗಿಗಳ ಹೆಸರು ಬರೆದ ರಟ್ಟಿನ ಡಬ್ಬಿ. ಸಾಲು ಸಾಲು ಗಾರೆಯ ದವಡೆಗಳು ನಗುತ್ತಿದ್ದವು. ಕಾರ್ಯದರ್ಶಿ ಏಪ್ರನ್ ಕಟ್ಟಿ, ಕುಲುಮೆಯ ಮುಂದೆ ನಿಂತಿದ್ದರು. ಇನ್ಸ್‌ಪೆಕ್ಟರ್ ಜೊತೆ ಮೂವರು ಕಾನ್‌ಸ್ಟೇಬಲ್‌ಗಳನ್ನೂ, ಮೇಷ್ಟ್ರ ತಂಗಿಯನ್ನೂ ಕಂಡು ಮುಖ ಒಂದು ಕ್ಷಣ ಬಿಳಿಚಿತು, ಮತ್ತೆ ಸರಿಹೋಯಿತು.

"ಬನ್ನಿ ಮೇಡಂ. ಇನ್ನೊಂದು ಸರ್ಟಿಫಿಕೇಟ್ ಬೇಕಿತ್ತಾ?"

"ನೆನ್ನೆಯದ್ದರಲ್ಲಿ ಒಂದು ಅನುಮಾನ. ತೂಕ ಎಷ್ಟು ಅಂದ್ರಿ?"

"ಮೂವತ್ತು ಪಾಯಿಂಟ್ ಒಂದು."

"ಎಲ್ಲಿ ತೂಗಿದ್ರಿ?"

ಅವರು ತುಟಿ ನೆಕ್ಕಿಕೊಂಡರು. "ಅಭ್ಯಾಸ ಇದೆ. ಕೈಯಲ್ಲಿ ಹಿಡಿದ್ರೆ ಗೊತ್ತಾಗುತ್ತೆ."

"ಪುಸ್ತಕದಲ್ಲಿರೋ ತೂಕ ಅದು. ಸವೆಯದ ಹೊಸ ನಾಣ್ಯದ್ದು. ಮೇಷ್ಟ್ರ ನಾಣ್ಯ ಸವೆದಿತ್ತು, ಅದಕ್ಕೆ ಅವರ ಚೀಟಿಯಲ್ಲಿ ಇಪ್ಪತ್ತೊಂಬತ್ತು ಪಾಯಿಂಟ್ ಆರು. ನಿಮ್ಮ ಕೈಗೆ ಮೂವತ್ತು ಅನ್ನಿಸಿದ್ದು ನಿಜವಾಗಿ ಇಪ್ಪತ್ತೆಂಟು ಪಾಯಿಂಟ್ ಮೂರು. ಮೂವತ್ತು ವರ್ಷ ನಾಣ್ಯ ಹಿಡಿದ ಕೈಗೆ ಇಷ್ಟೂ ತಿಳೀಲಿಲ್ವಾ?"

"ಕಣ್ಣು ತಪ್ಪಿರಬಹುದು ಮೇಡಂ. ವಯಸ್ಸಾಯ್ತು."

"ಕಣ್ಣು ತಪ್ಪುತ್ತೆ, ಒಪ್ತೀನಿ. ತೂಗದೇ ತೂಕ ಬರೆಯೋ ಕೈ ತಪ್ಪಲ್ಲ, ಅದು ಸುಳ್ಳು ಹೇಳುತ್ತೆ. ಹುಡುಕ್ರಪ್ಪಾ!"

ಕಾನ್‌ಸ್ಟೇಬಲ್‌ಗಳು ಶೆಲ್ಫಿಗೆ ಕೈ ಹಾಕಿದರು. ಹತ್ತು ನಿಮಿಷ ದವಡೆಗಳೇ ಸಿಕ್ಕವು. ಇನ್ಸ್‌ಪೆಕ್ಟರ್ ನೇರ ಕುಲುಮೆಯ ಬಳಿ ಹೋದಳು. ಲೋಹ ಕರಗಿಸುವ ಬಟ್ಟಲು ಇನ್ನೂ ಬಿಸಿಯಾಗಿತ್ತು. ಅದರೊಳಗೆ ಬೆಳ್ಳಿ ಅರ್ಧ ಕರಗಿ ಹೆಪ್ಪುಗಟ್ಟಿತ್ತು, ಒಂದು ಬದಿಯಲ್ಲಿ ರಾಣಿಯೊಬ್ಬಳ ಮೂಗೂ ಗದ್ದವೂ ಇನ್ನೂ ಉಳಿದಿದ್ದವು. ಪಕ್ಕದ ಪಿಂಗಾಣಿ ತಟ್ಟೆಯಲ್ಲಿ, ಸರದಿಗೆ ಕಾಯುತ್ತ, ಇನ್ನೂ ಎರಡು ನಾಣ್ಯ.

"ಸಿಕ್ತು ಮೇಡಂ!" ಹೆಡ್ ಕಾನ್‌ಸ್ಟೇಬಲ್ ಮೇಲಿನ ಸಾಲಿನಿಂದ ಒಂದು ಡಬ್ಬಿ ಇಳಿಸಿದ. ಅದರಲ್ಲಿ ದವಡೆ ಇರಲಿಲ್ಲ. ಕಪ್ಪು ಮಖಮಲ್ಲಿನ ಮೇಲೆ ಹನ್ನೊಂದು ಬೆಳ್ಳಿ ನಾಣ್ಯ.

ಅವಳು ಅದರಿಂದ ಎರಡನೇ ಚಾರ್ಲ್ಸನನ್ನು ಎತ್ತಿ, ಜೊತೆಗೆ ತಂದಿದ್ದ ಮೇಷ್ಟ್ರ ತಕ್ಕಡಿಯಲ್ಲಿಟ್ಟಳು. ಮುಳ್ಳು ನಿಂತಿತು. ಇಪ್ಪತ್ತೊಂಬತ್ತು ಪಾಯಿಂಟ್ ಆರು.

"ಈಗ ನಾನು ಹೇಳ್ತೀನಿ, ನೀವು ಕೇಳಿ," ಅಂದಳು. "ಫೋಟೋ ಅಂತ ಒಂದೊಂದೇ ತಂದ್ರಿ. ಒಂದು ವಾರ ಇಟ್ಕೊಂಡು ಇಲ್ಲೇ ಅಚ್ಚು ಹುಯ್ದು, ನಕಲಿನ ವಾಪಸ್ ಕೊಟ್ರಿ. ಚಿನ್ನ ಮುಟ್ಟಲಿಲ್ಲ, ಅದರ ನಕಲು ಮಾಡೋಕೆ ಚಿನ್ನವೇ ಬೇಕು. ಮೊನ್ನೆ ಮೇಷ್ಟ್ರು ಯಾವುದೋ ಕಾರಣಕ್ಕೆ ತೂಗಿ ನೋಡಿದ್ರು. ಮೊದಲು ಮನೆ ಹುಡುಗನ ಮೇಲೆ ಅನುಮಾನ ಬಂತು, ಪಾಪ, ಬೈದ್ರು. ನಿಮ್ಮ ಮೇಲೆ ಬರಲೇ ಇಲ್ಲ. ಆಮೇಲೆ ಚೀಟಿ ತಿರುವಿದ್ರು. ನೆನ್ನೆ ಬೆಳಿಗ್ಗೆ ನಕಲಿನ ಕಸಕ್ಕೆ ಎಸೆದು ನಿಮಗೆ ಫೋನ್ ಮಾಡಿದ್ರು. ಹೋದ ತಿಂಗಳಿಂದ ನೋಡೇ ಇಲ್ಲ ಅಂದ್ರಲ್ಲ? ಕರೆಗಳ ಪಟ್ಟಿ ಸಂಜೆ ಬರುತ್ತೆ, ನೋಡೋಣ. ನೀವು ಬಂದ್ರಿ. ಲ್ಯಾಂಪ್ ಎತ್ತಿದ್ರಿ. ಸತ್ತವರ ಪಕ್ಕ ನಿಂತು ನಿಮ್ಮ ನಕಲುಗಳನ್ನ ಆರಿಸಿದ್ರಿ, ಯಾಕಂದ್ರೆ ಅವನ್ನ ಯಾರಾದ್ರೂ ತೂಗಿದ್ರೆ ನಿಮ್ಮ ಬಣ್ಣ ಬಯಲು. ಕಳ್ಳತನದ ಹಾಗೆ ಕಾಣಲಿ ಅಂತ ಡ್ರಾಯರೆಲ್ಲ ಎಳೆದ್ರಿ. ಆದರೆ ಒಂದು ನಾಣ್ಯ ಕೆಳಗೆ ಚೆಲ್ಲೋಕೆ ನಿಮಗೆ ಮನಸ್ಸು ಬರಲಿಲ್ಲ. ಮನುಷ್ಯನ ತಲೆ ಒಡೆಯೋಕೆ ಬಂತು."

ಕಾರ್ಯದರ್ಶಿಯ ಧ್ವನಿ ಏರಿತು.

"ಅವನಿಗೆ ಯೋಗ್ಯತೆ ಇರಲಿಲ್ಲ! ಶಾಲೆ ಮಕ್ಕಳನ್ನ ಕರೆಸಿ ಅವರ ಕೈಗೆ ಕೊಡ್ತಿದ್ದ. ಬೆವರುಗೈಗೆ! ಮುನ್ನೂರು ವರ್ಷದ ಬೆಳ್ಳಿ, ಹಿಡಿದು ನೋಡ್ರೋ, ದೊರೆ ಮೂಗು ಸವರ್ರೋ ಅಂತ... ಹೇಳಿ ಹೇಳಿ ಸಾಕಾಯ್ತು. ಒಂದು ಪೈಸೆಗೂ ನಾನು ಮಾರಿಲ್ಲ. ಕಾಪಾಡಿದೀನಿ. ನೋಡಿ, ಹೇಗಿಟ್ಟಿದ್ದೀನಿ!"

"ಹಿಡಿದು ನೋಡೋಕೇ ಅಲ್ವೇನೋ ಅವನು ಇಟ್ಟಿದ್ದು?" ತಂಗಿ ಮೊದಲ ಸಲ ಬಾಯಿ ಬಿಟ್ಟಳು. "ನೂರು ಕೈ ದಾಟಿ ಬಂದಿದ್ದು, ಇನ್ನೂ ನೂರು ಕೈ ದಾಟಲಿ ಅಂತಿದ್ದ. ನಮ್ಮ ಮನೇಲಿ ಕೂತು ಉಂಡಿದ್ದೀಯಲ್ಲೋ. ಅವನು ನಿನಗೆ ಬಡಿಸಿದ ಮೇಲೆ ತಾನು ಬಡಿಸ್ಕೋತಿದ್ದ." ಮುಂದೆ ಹೋಗಿ ಕೆನ್ನೆಗೆ ಒಂದು ಬಾರಿಸಿದಳು. ಇನ್ಸ್‌ಪೆಕ್ಟರ್ ಆ ಹೊತ್ತಿಗೆ ಸರಿಯಾಗಿ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಆಮೇಲೆ ತಿರುಗಿ ಒಂದೇ ಪ್ರಶ್ನೆ ಕೇಳಿದಳು.

"ಹತ್ತು ಸಿಕ್ತು, ಹನ್ನೊಂದನೆಯದು ಎಲ್ಲಿ ಹೋಯ್ತು ಅಂತ ನೆನ್ನೆ ಮಧ್ಯಾಹ್ನ ಪೂರ್ತಿ ನೀವು ಚಡಪಡಿಸಿರಬೇಕು. ನಾವೇ ಕರೆದು ಕೈಗೆ ಕೊಟ್ವಿ. ನಕಲಿ ಅಂತ ಒಂದು ಮಾತು ಹೇಳಿದ್ರೆ ಆ ಹೆಂಗಸಿನ ಮಾತು ನಿಜ ಅಂತ ಆಗ್ತಿತ್ತು. ಅಸಲಿ ಅಂತ ಬರೆದ್ರಿ. ಅವಳಿಗೆ ಏನಾಗುತ್ತೆ ಅಂತ ಯೋಚನೆ ಬರಲಿಲ್ವಾ?"

ಕಾರ್ಯದರ್ಶಿ ಅವಳನ್ನು ನಿಜವಾದ ಆಶ್ಚರ್ಯದಿಂದ ನೋಡಿದರು.

"ಯಾರಿಗೆ?" ಅಂದರು. "ಕೆಲಸದವಳಿಗಾ?"

ಇನ್ಸ್‌ಪೆಕ್ಟರ್ ಹದಿನೈದು ವರ್ಷದಲ್ಲಿ ಎಷ್ಟೋ ಕೊಲೆಗಾರರಿಗೆ ಕೋಳ ಹಾಕಿದ್ದಳು. ಅಷ್ಟು ಬಿಗಿಯಾಗಿ ಎಂದೂ ಹಾಕಿರಲಿಲ್ಲ.

*

ಎರಡೂಮುಕ್ಕಾಲಿಗೆ ಸಾಹೇಬರ ಮೇಜಿನ ಮೇಲೆ ಅಸಲಿಯನ್ನೂ ನಕಲಿಯನ್ನೂ ಅಕ್ಕಪಕ್ಕ ಇಟ್ಟಳು. ಹೊರಗಿನ ಬೆಂಚಿನ ಮೇಲೆ ಕಾರ್ಯದರ್ಶಿ ಕೋಳ ತೊಟ್ಟು ಕೂತಿದ್ದ. ಸಾಹೇಬರು ಎರಡೂ ನಾಣ್ಯ ನೋಡಿದರು, ಕಿಟಕಿ ನೋಡಿದರು, ಗಡಿಯಾರ ನೋಡಿದರು.

"ಸರಿ ಸರಿ. ಅವಳನ್ನ ಹಿಂಬಾಗಿಲಿಂದ ಕಳಿಸಿಬಿಡಿ. ಪತ್ರಿಕೆಯವರು ಬಂದಿದ್ದಾರೆ."

"ಅವಳ ಕೆನ್ನೆ ಊದಿದೆ ಸಾರ್. ಯಾರು ಹೊಡೆದಿದ್ದು ಅಂತ ನಾನು ವರದಿ ಬರೀತಿದ್ದೀನಿ. ನಿಮ್ಮ ಹೆಸರೂ ಇದೆ, ಹುಡುಕಿಸಿದ್ದು ನೀವು ಅಂತ."

"ಏನ್ರೀ, ತಲೆ ನೆಟ್ಟಗಿದೆಯಾ ನಿಮಗೆ?"

"ಇವತ್ತು ಇದೆ ಸಾರ್. ನೆನ್ನೆ ಇರಲಿಲ್ಲ."

ಲಾಕಪ್ಪಿನ ಬಾಗಿಲು ತೆರೆದಾಗ ಕೆಲಸದಾಕೆ ಎದ್ದು ಸೀರೆ ಕೊಡವಿಕೊಂಡಳು. ಎಲ್ಲ ಕೇಳಿಸಿಕೊಂಡಳು. ಕೈಮುಗಿಯಲಿಲ್ಲ, ಕಣ್ಣೀರಿಡಲಿಲ್ಲ.

"ಅಂದ್ರೆ ನಾನು ಮೊದಲೇ ಹೇಳಿದ್ದು ನಿಜ," ಅಂದಳು.

"ನಿಜ."

"ಅದನ್ನ ತಕ್ಕಡೀಲಿ ತೂಗಿದ್ಮೇಲೆ ನಂಬಿದ್ರಿ."

ಇನ್ಸ್‌ಪೆಕ್ಟರ್ ಲಾಕಪ್ಪಿನ ಬಾಗಿಲನ್ನು ಪೂರ್ತಿ ತೆರೆದು ಹಿಡಿದಳು. "ಮನೆಗೆ ಬಿಡ್ತೀನಿ, ಬಾ," ಅಂದಳು. "ಬೀದಿ ಕೊನೇಲಿ ಇಳಿಸ್ಲಾ? ಜೀಪು ಮನೆ ಮುಂದೆ ಬಂದ್ರೆ ಜನ..."

"ಬೀದಿ ಕೊನೇಲಾ?" ಅವಳು ನಿಂತಳು. ಎರಡು ದಿನದ ಸಿಟ್ಟೆಲ್ಲ ಒಮ್ಮೆಗೇ ಹೊರಗೆ ಬಂತು. "ನನ್ನನ್ನ ಹತ್ತಿಸ್ಕೊಂಡಿದ್ದು ಮನೆ ಬಾಗಿಲಲ್ಲಿ. ನಲ್ಲಿ ಹತ್ರ ನಿಂತೋರೆಲ್ಲ ನೋಡ್ತಿದ್ರು. ನನ್ನ ಸೊಸೆ ತವರಿನೋರು ನೋಡ್ತಿದ್ರು. ಇಳಿಸೋದೂ ಅಲ್ಲೇ ಇಳಿಸಿ. ಬಾಯಿಬಿಟ್ಟು ಹೇಳಿ ಇಳಿಸಿ."

ಬೀದಿಯಲ್ಲಿ ಜೀಪು ಮೆಲ್ಲಗೆ ಹೋಯಿತು. ಹೆಡ್ ಕಾನ್‌ಸ್ಟೇಬಲ್ ಸೈರನ್ ಹಾಕಿದ. ಬಾಗಿಲುಗಳು ತೆರೆದವು. ಮನೆಯ ಮುಂದೆ ಕೆಲಸದಾಕೆ ಕೆಳಗಿಳಿದು, ಸೆರಗು ಹೊದ್ದು, ಬೀದಿಗೆ ಮುಖ ಮಾಡಿ ನಿಂತಳು. ಇನ್ಸ್‌ಪೆಕ್ಟರ್ ಜೀಪಿನ ಮೈಕು ತೆಗೆದುಕೊಂಡಳು.

"ಎಲ್ಲರೂ ಕೇಳಿ. ಈಕೆ ಏನನ್ನೂ ಕದ್ದಿಲ್ಲ. ಯಾರನ್ನೂ ಕೊಂದಿಲ್ಲ. ಕೊಂದವನು ಸಿಕ್ಕಿದ್ದಾನೆ. ತಪ್ಪು ಪೊಲೀಸರದು. ನಮ್ಮದು."

ಮೈಕು ಕೀಚೆಂದು ಅಡಗಿತು. ನಲ್ಲಿಯ ಬಳಿ ಕೊಡ ತುಂಬಿ ಹರಿಯುತ್ತಿದ್ದರೂ ಯಾರೂ ತೆಗೆಯಲಿಲ್ಲ.

ಕೆಲಸದಾಕೆ ಬೀದಿಯ ಈ ತುದಿಯಿಂದ ಆ ತುದಿವರೆಗೆ ಒಂದೊಂದೇ ಬಾಗಿಲು ನೋಡಿಕೊಂಡು ಹೋದಳು. ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು.

"ಇನ್ನೊಂದು ಸಲ ಹೇಳಿ," ಅಂದಳು. "ಆ ಮೂಲೆಮನೆಯೋರು ಕಿಟಕಿ ಮುಚ್ಕೊಂಡಿದ್ರು."

ಇನ್ಸ್‌ಪೆಕ್ಟರ್ ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದಳು.